ಆಪರೇಷನ್ ಆದ ಮೇಲಿನ ರಕ್ತನಾಳ

ಹುಟ್ಟಿನಿಂದಲೇ ಹೃದಯದೋಷವಿದ್ದು ಎಳವೆಯಲ್ಲಿ ಆಪರೇಷನ್ ಆದವರ ರಕ್ತನಾಳಗಳನ್ನು ದೊಡ್ಡವರಾದ ಮೇಲೂ ನೋಡುತ್ತಿರಬೇಕೋ ಬೇಡವೋ ಎಂಬುದು ಸಂಶಯ. ನೋಡಲೇಬೇಕೆಂಬುದು ನನ್ನ ಪಕ್ಷ. ಮಹಾಧಮನಿಯ ಸಂಕೋಚನವನ್ನು, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದೆಡೆ ಇಕ್ಕಟ್ಟಾಗಿರುವುದನ್ನು, ನಿದರ್ಶನವಾಗಿ ಹಿಡಿಯುತ್ತೇನೆ. ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ 1944ರಲ್ಲೇ ಇಂಥ ನಾಳದ ಇಕ್ಕಟ್ಟು ಭಾಗವನ್ನು ಕತ್ತರಿಸಿ ತುದಿಗಳನ್ನು ಜೋಡಿಸಿದ್ದರು.

ಪೂರ್ವಪಕ್ಷ ನಮ್ಮ ಸಿಂಧನೂರು ಸೀಮೆಯ ಮಾತಿನಲ್ಲೇ ಇರಲಿ: "ಆಪರೇಷನ್ ಆಗೇತಿ, ಹುಡುಗ ಆಡಾಕತ್ತಾನ, ಇನ್ನ್ಯಾಕ ಡಾಕ್ಟರು?" ಸಣ್ಣ ತೂತು ಎಳವೆಯಲ್ಲೇ ಮುಚ್ಚಿದವರ ಮಟ್ಟಿಗೆ ಇದು ಬಹುಪಾಲು ಸರಿ, ಒಪ್ಪಿದೆ. ಆದರೆ ಸಂಕೋಚನದಲ್ಲಿ ಕತ್ತರಿ ಮುಟ್ಟುವುದು ನಾಳದ ಒಂದು ತುಣುಕನ್ನು ಮಾತ್ರ. ನಾಳದುದ್ದಕ್ಕೂ ಒಂದೇ ಜೀವಕೋಶದಷ್ಟು ತೆಳುವಾದ ಒಳಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲಿಸುತ್ತದೆ. ಹಲವರಲ್ಲಿ ಆಪರೇಷನ್ ಚೆನ್ನಾಗಿ ಆದ ಮೇಲೂ ಈ ಕೆಲಸ ಮಂದವಾಗಿಯೇ ಉಳಿಯುತ್ತದೆ, ನಾಳದ ಗೋಡೆ ಬಿರುಸಾಗಿರುತ್ತದೆ. ವರ್ಷಗಳ ಬಳಿಕ ಬಿಪಿ ಏರುತ್ತದೆ; ಏರಿದ್ದು ಮೈಗೆ ತಿಳಿಯುವುದಿಲ್ಲ. ಹುಡುಗ ಕಬಡ್ಡಿ ಆಡಿದ್ದು ಇಲ್ಲಿ ಪ್ರಮಾಣವಲ್ಲ.

ಎರಡನೆಯ ಆಕ್ಷೇಪ ಗಟ್ಟಿಯದು. ಭತ್ತದ ನಾಟಿ ಬಿಟ್ಟು, ಕೂಲಿ ಕಳಕೊಂಡು, ಲಿಂಗಸುಗೂರಿನಿಂದ ಕಲಬುರಗಿಯ ಜಯದೇವ ಆಸ್ಪತ್ರೆಗೋ ಬೆಂಗಳೂರಿಗೋ ಎಷ್ಟು ಸಲ ಓಡಾಡುವುದು? ಎಕೋ, ಸ್ಕ್ಯಾನಿಗೆ ಡಾಕ್ಟರು ಹೇಳಿದ ಗಡುವಿಗೆ ಹೋಗಲೇಬೇಕು. ನಡುವಿನ ವರ್ಷಗಳಿಗೆ ತಾಲ್ಲೂಕು ಆಸ್ಪತ್ರೆಯ ಬಿಪಿ ಪಟ್ಟಿ ಇದೆ. ಬಲತೋಳಿಗೊಮ್ಮೆ, ಅಗಲದ ಪಟ್ಟಿಯಿಂದ ತೊಡೆಗೊಮ್ಮೆ ಕಟ್ಟಿ ನೋಡಬೇಕು. ಎಡತೋಳನ್ನು ನಂಬುವಂತಿಲ್ಲ: ಕೆಲವು ಆಪರೇಷನ್‌ಗಳಲ್ಲಿ ಎಡತೋಳಿನ ನಾಳವನ್ನೇ ತೇಪೆಯಾಗಿ ಬಳಸಿರುತ್ತಾರೆ, ಅಲ್ಲಿ ಬಿಪಿ ಸುಳ್ಳೇ ಕಡಿಮೆ ತೋರುತ್ತದೆ. ಸಾಮಾನ್ಯವಾಗಿ ಕಾಲಿನ ಬಿಪಿ ತೋಳಿಗಿಂತ ತುಸು ಹೆಚ್ಚೇ ಇರುತ್ತದೆ. ತೋಳಿನದೇ 20 ಅಂಕ ಮೇಲಿದ್ದರೆ ನಾಳ ಮತ್ತೆ ಇಕ್ಕಟ್ಟಾಗಿರಬಹುದು. ಆಗ ಗಡುವಿಗೆ ಕಾಯದೆ ಬಸ್ಸು ಹತ್ತಬೇಕು.

"ಸರಕಾರವೇ ತಪಾಸಣೆ ಮಾಡುತ್ತದಲ್ಲ" ಎನ್ನುವವರೂ ಇದ್ದಾರೆ. ಮಾಡುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಿಗೆ ಬರುತ್ತದೆ, 18ಕ್ಕೆ ನಿಲ್ಲುತ್ತದೆ. ಊರೂರಿನ ಬಿಪಿ, ಸಕ್ಕರೆ ತಪಾಸಣೆ 30 ತುಂಬಿದವರಿಗೆ. ನಡುವಿನ 12 ವರ್ಷ ಯಾರ ಲೆಕ್ಕದಲ್ಲೂ ಇಲ್ಲ. ಮದುವೆ, ಬಸಿರು ಬರುವುದು ಆ ವರ್ಷಗಳಲ್ಲೇ. ಸಂಬಂಧ ತಪ್ಪೀತೆಂದು ಮನೆಯವರು ಆಪರೇಷನ್ ಮುಚ್ಚಿಡುವುದೂ ಆಗಲೇ. ಬಿರುಸು ನಾಳದ ಮೇಲೆ ಬಸಿರಿನ ಹೊರೆ ಬಿದ್ದಾಗ ಆ ಗುಟ್ಟು ಹುಡುಗಿಯ ಜೀವಕ್ಕೇ ಮುಳುವಾಗಬಹುದು.

ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಆಶಾ ಕಾರ್ಯಕರ್ತೆಯರು ಇಂಥವರ ಹೆಸರು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡು ವರ್ಷಕ್ಕೊಮ್ಮೆ ಬಿಪಿಗೆ ಕಳಿಸಬೇಕು. ಮನೆಯವರು ಡಿಸ್ಚಾರ್ಜ್ ಕಾರ್ಡ್ ಜೋಪಾನ ಮಾಡಿ, ಬಸಿರಿಗೆ ಮೊದಲೇ ಡಾಕ್ಟರಿಗೆ ತೋರಿಸಿ.