ಆ ಅಮ್ಮ ಯಾವ ಸಾಕ್ಷಿ ಹೇಳುತ್ತಿದ್ದರು?

ವಾಕ್ಯಭಾಗ: ಜ್ಞಾನೋಕ್ತಿಗಳು 20:14, ಯಾಜಕಕಾಂಡ 25:14, ಮತ್ತಾಯ 13:44

 

ಈ ಹೊತ್ತು ವಾಕ್ಯ ಹೇಳೋದಕ್ಕೆ ಮುಂಚೆ ನಾನು ಒಂದು ಸಾಕ್ಷಿಯನ್ನು ವಾಪಸ್ ತಗೋಬೇಕು. ಹೌದು, ವಾಪಸ್. ಕಳೆದ ವರ್ಷ ಉಪವಾಸ ಪ್ರಾರ್ಥನೆಯ ದಿನ ಇದೇ ಜಾಗದಲ್ಲಿ ನಿಂತು ನಾನು ಒಂದು ಸಾಕ್ಷಿ ಹೇಳಿದ್ದೆ. ಹಳೇ ಸಾಮಿಲ್ಲಿನ ದೊಡ್ಡ ಗರಗಸದ ಯಂತ್ರ ತಂದ ಸಾಕ್ಷಿ. ಹೆಚ್ಚು ಕಡಿಮೆ ಎರಡು ಲಕ್ಷದ ಯಂತ್ರವನ್ನು ಕರ್ತನು ನನಗೆ ಐವತ್ತೆರಡು ಸಾವಿರಕ್ಕೆ ಕೊಟ್ಟನು ಅಂದೆ. ನೀವೆಲ್ಲ ಹಲ್ಲೆಲೂಯಾ ಅಂದಿರಿ. ಪ್ರಾರ್ಥನೆ ಮುಗಿದ ಮೇಲೆ ಚಪ್ಪಲಿ ಬಿಡೋ ಜಾಗದಲ್ಲಿ ನಮ್ಮ ಯೂತ್ ಗ್ರೂಪಿನ ಒಬ್ಬ ಸಿಸ್ಟರ್ ಹತ್ತಿರ ಬಂದು ತುಂಬಾ ಮೆಲ್ಲಗೆ ಕೇಳಿದಳು: "ಪಾಸ್ಟರ್, ಆ ಅಮ್ಮನ್ನೂ ಸಾಕ್ಷಿ ಹೇಳೋಕೆ ಕರೆದಿದ್ರೆ, ಅವರು ಏನು ಹೇಳ್ತಿದ್ರು?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಸಂದೇಶ ಆ ರಾತ್ರಿಯದ್ದು.

ಮೊದಲಿಂದ ಹೇಳ್ತೀನಿ. ನಮ್ಮಪ್ಪ ಮಲೆನಾಡಿನ ಒಂದು ಸಾಮಿಲ್ಲಿನಲ್ಲಿ ಗರಗಸದ ಹಲ್ಲಿಗೆ ಅರ ಹಾಕುವ ಕೆಲಸ ಮಾಡುತ್ತಿದ್ದರು. ಈಗ ಎಲ್ಲಾ ಕಡೆ ಬ್ಯಾಂಡ್ ಸಾ. ಆಗ ನಮ್ಮ ಮಿಲ್ಲಿನಲ್ಲಿ ನಾಲ್ಕು ಅಡಿ ಅಗಲದ ಗುಂಡು ಗರಗಸ, ಉದ್ದನೆ ಕಬ್ಬಿಣದ ಬೆಂಚು, ದಿಮ್ಮಿ ತಳ್ಳುವ ಟ್ರಾಲಿ. ಆ ಗರಗಸ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತೆ. ಅಂದರೆ ಅದರ ಒಂದೊಂದು ಹಲ್ಲೂ ನಿಮಿಷಕ್ಕೆ ಮೂರು ಕಿಲೋಮೀಟರ್ ಓಡುತ್ತೆ. ಅಪ್ಪನ ಎಡಗೈಯಲ್ಲಿ ಮೂರೇ ಬೆರಳು ಇದ್ದವು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ, ನಿಮ್ಮಲ್ಲಿ ಲಾ ಓದಿದವರಿಗೆ ಗೊತ್ತಿರುತ್ತೆ. ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಕಾಡಿನೊಳಗೆ ಸಾಮಿಲ್ ನಡೆಸುವಂತಿಲ್ಲ ಅಂತಾಯಿತು. ಕಾಡು ಉಳಿಯಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆಮೇಲಿನ ವರ್ಷಗಳಲ್ಲಿ ಬಾಗಿಲು ಹಾಕಿದ ಮಿಲ್ಲುಗಳಲ್ಲಿ ಅಪ್ಪನ ಮಿಲ್ಲೂ ಒಂದು. ನಾನು ಐಟಿಐ ಫಿಟ್ಟರ್ ಮಾಡಿಕೊಂಡು ಪೀಣ್ಯಕ್ಕೆ ಬಂದೆ. ಕರ್ತನು ಸೇವೆಗೆ ಕರೆಯುವ ತನಕ ಅಲ್ಲೇ ಇದ್ದೆ.

ಅಪ್ಪ ಕರ್ತನಲ್ಲಿ ನಿದ್ರೆಹೋದ ಮೇಲೆ ನನಗೊಂದು ಆಸೆ ಹುಟ್ಟಿತು. ಅಂಥದ್ದೊಂದು ಯಂತ್ರ ತಂದು, ತುಕ್ಕು ಬಿಡಿಸಿ, ಮತ್ತೆ ತಿರುಗುವ ಹಾಗೆ ಮಾಡಬೇಕು. ಮರ ಕೊಯ್ಯೋದಕ್ಕಲ್ಲ, ಅದಕ್ಕೆ ಲೈಸೆನ್ಸ್ ಬೇಕು. ಖಾಲಿ ತಿರುಗಿದರೂ ಸಾಕು, ಆ ಸದ್ದು ಒಂದು ಸಲ ಕೇಳಬೇಕು ಅಂತ. ವಿಚಾರಿಸುತ್ತಾ ವಿಚಾರಿಸುತ್ತಾ ಸಕಲೇಶಪುರದ ಆಚೆ ಒಂದು ಮುಚ್ಚಿದ ಮಿಲ್ಲಿನ ಸುದ್ದಿ ಸಿಕ್ಕಿತು. ಯಜಮಾನರು ತೀರಿಕೊಂಡಿದ್ದರು. ಎಪ್ಪತ್ತು ದಾಟಿದ ಅವರ ಹೆಂಡತಿ ಒಬ್ಬರೇ ಇದ್ದರು. ಶೆಡ್ಡಿನ ಹೆಂಚು ಅರ್ಧ ಬಿದ್ದಿತ್ತು. ಒಳಗೆ ಬಳ್ಳಿ ಹಬ್ಬಿತ್ತು. ನಾನು ಬಳ್ಳಿ ಎಳೆದು, ಬೆಂಚಿನ ಪಕ್ಕದ ಮಣ್ಣು ಕೈಯಲ್ಲೇ ಒರೆಸಿದೆ. ಎರಕದ ಅಕ್ಷರ ಕಾಣಿಸಿತು: ರಾಬಿನ್ಸನ್, ರಾಚ್‌ಡೇಲ್. ಇಂಗ್ಲೆಂಡಿನ ಮಾಲು. ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿದೆ, ಅಲ್ಲಾಡಿತು. ಎರಕದಲ್ಲಿ ಎಲ್ಲೂ ಬಿರುಕಿಲ್ಲ. ನನ್ನ ಎದೆ ಹೊಡ್ಕೊಳ್ತಾ ಇತ್ತು. ಮುಖ ಮಾತ್ರ ಸಪ್ಪೆ ಮಾಡಿಕೊಂಡಿದ್ದೆ.

ಆ ಅಮ್ಮ ಹೇಳಿದರು: "ಗುಜರಿಯವನು ಕೆ.ಜಿ.ಗೆ ಇಪ್ಪತ್ತೆಂಟು ಅಂದ. ನೀವು ಮೂವತ್ತೆರಡು ಕೊಟ್ಟರೆ ತಗೊಂಡು ಹೋಗಿ." ಆಮೇಲೆ ಒಂದು ಮಾತು ಕೇಳಿದರು. ಈ ಮಾತನ್ನು ನಾನು ಸಾಕ್ಷಿಯಲ್ಲಿ ಬಿಟ್ಟಿದ್ದೆ. "ನೀವು ದೇವರ ಕೆಲಸ ಮಾಡೋರು ಅಂತೀರಿ. ನಂಗೆ ಇದೆಲ್ಲ ಗೊತ್ತಾಗಲ್ಲ. ಇದಕ್ಕಿಂತ ಜಾಸ್ತಿ ಸಿಗುತ್ತೇನಪ್ಪಾ?"

ನಾನಂದೆ, "ಹಳೇ ಕಬ್ಬಿಣ ಅಲ್ವಾಮ್ಮಾ."

ವೇ ಬ್ರಿಡ್ಜಿನಲ್ಲಿ 1,640 ಕೆ.ಜಿ. ಬಂತು. 52,480 ರೂಪಾಯಿ ಎಣಿಸಿ ಕೊಟ್ಟೆ. ಅದನ್ನು ಬಿಚ್ಚಿ ಹೊರಗೆ ತರೋಕೆ ಎರಡು ದಿನ ಹಿಡಿಯಿತು. ಕೆಳಗೆ ಪೈಪು ಉರುಳಿಸಿಕೊಂಡು, ಹಾರೆ ಹಾಕಿ ಎಬ್ಬಿಸಿ, ಚೈನ್ ಪುಲ್ಲಿಯಲ್ಲಿ ಎತ್ತಿ ಲಾರಿಗೆ ಏರಿಸಿದೆವು. ಲಾರಿ, ಕೂಲಿ ಎಲ್ಲ ಸೇರಿ 21,520 ರೂಪಾಯಿ. ಹಾಸನ, ಕುಣಿಗಲ್ ದಾಟಿ ನೆಲಮಂಗಲದ ಶೆಡ್ಡಿಗೆ ಬರೋವರೆಗೂ ಡ್ರೈವರ್ ಪಕ್ಕ ಕೂತು ಸ್ತೋತ್ರ ಹೇಳ್ತಾನೇ ಇದ್ದೆ. ಇಳಿಸುವಾಗಲೇ ಒಬ್ಬರು ಬಂದರು, ರೆಸಾರ್ಟಿಗೆ ಹಳೇ ಯಂತ್ರ ಹುಡುಕುತ್ತಿದ್ದವರು. ಹೇಗಿದೆಯೋ ಹಾಗೇ, ತುಕ್ಕು ಸಮೇತ, ಒಂದು ಲಕ್ಷದ ಎಂಬತ್ತು ಸಾವಿರ ಕೊಡ್ತೀನಿ ಅಂದರು. ನಾನು ಕೊಡಲಿಲ್ಲ. ಆದರೆ ಆ ಸಂಖ್ಯೆ ನನ್ನ ಸಾಕ್ಷಿ ಆಯಿತು.

ಪ್ರಿಯರೇ, ಈಗ ಪ್ರಶ್ನೆ ಕೇಳೋಣ. ನಾನು ಮಾಡಿದ್ದು ತಪ್ಪಾ?

ನಿಮ್ಮ ವಾದ ನನಗೆ ಗೊತ್ತು, ಅವತ್ತು ರಾತ್ರಿ ನಾನೂ ಅದೇ ವಾದ ಮಾಡಿದೆ. ಬೆಲೆ ಹೇಳಿದ್ದು ಅವರೇ. ಗುಜರಿಯವನಿಗಿಂತ ನಾನು ಜಾಸ್ತಿನೇ ಕೊಟ್ಟೆ. ಯಂತ್ರದ ಬೆಲೆ ತಿಳಿಯೋಕೆ ನಾನು ವರ್ಷಗಟ್ಟಲೆ ಕೈ ಕಪ್ಪು ಮಾಡಿಕೊಂಡಿದ್ದೀನಿ, ಆ ತಿಳುವಳಿಕೆಗೆ ಕೂಲಿ ಬೇಡವಾ? ಶಾಫ್ಟ್ ಬಗ್ಗಿದ್ದಿದ್ದರೆ ನಷ್ಟ ನನ್ನದೇ ಅಲ್ವಾ? ಇದರಲ್ಲಿ ಒಂದೂ ಸುಳ್ಳಲ್ಲ.

ಇದು ಹೊಸ ಪ್ರಶ್ನೆ ಅಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಇದನ್ನೇ ಬರೆದ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯದಿಂದ ಒಬ್ಬ ವ್ಯಾಪಾರಿ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿವೆ ಅಂತ ಅವನಿಗೊಬ್ಬನಿಗೇ ಗೊತ್ತು. ಹೇಳಬೇಕಾ, ಸುಮ್ಮನಿದ್ದು ಹೆಚ್ಚು ಬೆಲೆಗೆ ಮಾರಬೇಕಾ? ಒಬ್ಬ ತತ್ವಜ್ಞಾನಿ ಅಂದ, ಹೇಳದೇ ಇರೋದು ಮುಚ್ಚಿಟ್ಟ ಹಾಗಲ್ಲ. ಇನ್ನೊಬ್ಬ ಅಂದ, ಹೇಳಲೇಬೇಕು. ಸಿಸೆರೊ ಎರಡನೆಯವನ ಕಡೆ ನಿಂತ. ಅವನ ಹತ್ತಿರ ಸತ್ಯವೇದ ಇರಲಿಲ್ಲ, ಪ್ರಿಯರೇ. ಆದರೂ ಅಷ್ಟು ಕಂಡ.

ಸಭೆಯ ಹಿರಿಯನಾದ ಅಗಸ್ಟೀನ್ ತಾನು ಬಲ್ಲ ಒಬ್ಬ ಮನುಷ್ಯನ ವಿಷಯ ಬರೆದಿದ್ದಾನೆ. ಆ ಮನುಷ್ಯನಿಗೆ ಯಾರೋ ಒಂದು ಪುಸ್ತಕ ಮಾರೋಕೆ ಬಂದರು. ಮಾರುವವನಿಗೆ ಅದರ ಬೆಲೆ ಗೊತ್ತಿಲ್ಲ, ತುಂಬಾ ಕಡಿಮೆ ಕೇಳಿದ. ಇವನು ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚಾದ ಸರಿಯಾದ ಬೆಲೆಯನ್ನು, ಅವನು ಎದುರು ನೋಡದೇ ಇದ್ದರೂ, ಕೊಟ್ಟ. ಕಡಿಮೆಗೆ ಕೊಂಡು ಹೆಚ್ಚಿಗೆ ಮಾರಬೇಕು ಅನ್ನೋದು ಎಲ್ಲರ ಆಸೆ ಅಂತಾರಲ್ಲ, ಎಲ್ಲರದ್ದೂ ಅಲ್ಲ ಅಂತ ತೋರಿಸೋಕೆ ಅಗಸ್ಟೀನನಿಗೆ ಆ ಒಬ್ಬ ಮನುಷ್ಯ ಸಾಕಾಗಿದ್ದ.

ಈಗ ವಾಕ್ಯಕ್ಕೆ ಬನ್ನಿ. ಯಾಜಕಕಾಂಡ 25:14 ತೆಗೆಯಿರಿ. ಮಾರುವಾಗ ಮಾತ್ರ ಅಲ್ಲ, ಕೊಳ್ಳುವಾಗಲೂ ಒಬ್ಬರಿಗೊಬ್ಬರು ಅನ್ಯಾಯ ಮಾಡಬಾರದು ಅಂತ ಅಲ್ಲಿದೆ. ಕೊಳ್ಳುವವನೂ ಮೋಸ ಮಾಡಬಹುದು ಅಂತ ದೇವರಿಗೆ ಗೊತ್ತು. ಜ್ಞಾನೋಕ್ತಿ 20:14ರಲ್ಲಿ ಆ ಕೊಳ್ಳುವವನ ಫೋಟೋನೇ ಇದೆ. ಅಂಗಡಿಯಲ್ಲಿ ಮಾಲು ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅಂತಾನೆ, ಹೊರಗೆ ಹೋಗಿ ಕೊಚ್ಚಿಕೊಳ್ಳುತ್ತಾನೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ದೇವರ ಮನೆಗೆ ಬಂದು, ಮೈಕ್ ಹಿಡಿದು ಕೊಚ್ಚಿಕೊಂಡೆ. ಅದಕ್ಕೆ ಸಾಕ್ಷಿ ಅಂತ ಹೆಸರಿಟ್ಟೆ.

ನಿಮ್ಮಲ್ಲಿ ಯಾರೋ ಮನಸ್ಸಲ್ಲಿ ಕೇಳ್ತಿದ್ದೀರಿ: ಪಾಸ್ಟರ್, ಮತ್ತಾಯ 13ರಲ್ಲಿ ಹೊಲದಲ್ಲಿ ನಿಧಿ ಕಂಡವನು ಯಜಮಾನನಿಗೆ ಹೇಳಿದನಾ? ಮುಚ್ಚಿಟ್ಟು ಹೊಲ ಕೊಂಡನಲ್ಲ? ಒಳ್ಳೆ ಪ್ರಶ್ನೆ. ಯೇಸುಸ್ವಾಮಿ ತಾನು ಬರುವ ದಿನವನ್ನು ಕಳ್ಳನ ಬರುವಿಕೆಗೂ ಹೋಲಿಸಿದ್ದಾನೆ. ಹಾಗಂತ ಕಳ್ಳತನ ಮಾಡಿ ಅಂತ ಹೇಳಿದ್ದಲ್ಲ. ಆ ಸಾಮ್ಯದ ಮುಖ್ಯ ಮಾತು ಆ ಮನುಷ್ಯನ ಸಂತೋಷ, ತನಗಿದ್ದದ್ದನ್ನೆಲ್ಲಾ ಅವನು ಮಾರಿದ್ದು. ನಾನು ಏನು ಮಾರಿದೆ? ಏನೂ ಇಲ್ಲ.

ಕೊಳ್ಳೋದನ್ನು ಕಲಿಯಬೇಕಾದರೆ ಅಬ್ರಹಾಮನನ್ನು ನೋಡಿ. ಆದಿಕಾಂಡ 23. ಹೆಂಡತಿಯನ್ನು ಹೂಣಿಡೋಕೆ ಜಾಗ ಬೇಕು. ಎಫ್ರೋನ ಸುಮ್ಮನೇ ತಗೋ ಅಂದರೂ ಅಬ್ರಹಾಮ ಪೂರ್ತಿ ಕ್ರಯ, 400 ಶೆಕೆಲ್ ಬೆಳ್ಳಿ, ಎಲ್ಲರ ಮುಂದೆ ತೂಗಿ ಕೊಟ್ಟ. ದಾವೀದನೂ ಒರ್ನಾನನ ಕಣವನ್ನು ಪುಕ್ಕಟೆ ತಗೊಳ್ಳಲಿಲ್ಲ, ಪೂರ್ತಿ ಬೆಲೆ ಕೊಟ್ಟ.

ಹಾಗಾದರೆ ನನ್ನ ತಿಳುವಳಿಕೆಗೆ ಬೆಲೆ ಇಲ್ಲವಾ? ಇದೆ. ಅದಕ್ಕೇ ನಾನು ಒಂದು ಗೆರೆ ಹಾಕಿಕೊಂಡೆ, ನೀವೂ ಹಾಕಿಕೊಳ್ಳಿ. ನಾನು ಬೇರಿಂಗಿಗೆ ಬಿಳಿ ಲೋಹ ಕರಗಿಸಿ ಹೊಯ್ದು, ಶಾಫ್ಟ್ ನೇರ ಮಾಡಿ, ತಿಂಗಳುಗಟ್ಟಲೆ ದುಡಿದ ಮೇಲೆ ಹೆಚ್ಚಾಗುವ ಬೆಲೆ ನನ್ನ ಕೈಯದ್ದು. ಆದರೆ ಒಂದು ಬೋಲ್ಟ್ ಕೂಡ ಬಿಚ್ಚುವ ಮೊದಲೇ, ಬಳ್ಳಿ ಹಬ್ಬಿ ಬಿದ್ದಿದ್ದಾಗಲೇ ಅದಕ್ಕಿದ್ದ ಬೆಲೆ ಯಾರದ್ದು? ಆ ಅಮ್ಮನದ್ದು. ಅದು ನನ್ನ ದುಡಿಮೆಯ ಫಲ ಅಲ್ಲ, ಅವರಿಗೆ ಗೊತ್ತಿಲ್ಲ ಅನ್ನೋದರ ಫಲ.

ಎಸ್.ಪಿ. ರೋಡಿನಲ್ಲಿ ಅಂಗಡಿಯವನ ಜೊತೆ ಚೌಕಾಶಿ ಮಾಡಿ, ಅವನಿಗೆ ಅವನ ವ್ಯಾಪಾರ ಗೊತ್ತು. ಅಲ್ಲಿ ಇಬ್ಬರೂ ಸಮ. ಆದರೆ ಗೊತ್ತಿಲ್ಲದವರು ನಿಮ್ಮನ್ನು ನಂಬಿ, ನೀವೇ ಹೇಳಿ ಅಂದಾಗ ನಿಮ್ಮ ಮೌನ ಬರೀ ಮೌನ ಅಲ್ಲ. ನಾನಂತೂ ಮೌನವಾಗಿಯೂ ಇರಲಿಲ್ಲ. "ಹಳೇ ಕಬ್ಬಿಣ ಅಲ್ವಾಮ್ಮಾ" ಅಂದೆ. ಹಳೆಯದು ನಿಜ, ಕಬ್ಬಿಣವೂ ನಿಜ. ಮಾತೆಲ್ಲ ನಿಜ, ಹೇಳಿದ್ದು ಮಾತ್ರ ಸುಳ್ಳು.

ತಮ್ಮಂದಿರೇ, ತಂಗಿಯರೇ, ಇದು ನಿಮಗೂ ಬರುತ್ತೆ. ಊರು ಬಿಟ್ಟು ಹೋಗುವವರು ಅವಸರದಲ್ಲಿ ಮಾರುವ ಫ್ರಿಜ್ಜು. ಸ್ಟಾರ್ಟಪ್ಪಿನಲ್ಲಿ ಶೇರ್ ಅಂದರೇನು ಅಂತ ಗೊತ್ತಿಲ್ಲದೆ ಸೈನ್ ಹಾಕುವ ಗೆಳೆಯ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಕೊಡ್ತಾರೆ ಅಂತ ತಿಳಿಯದ ಮನೆಕೆಲಸದ ಅಕ್ಕ. ರಸ್ತೆ ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಾಗಿ, ಗೊತ್ತಿಲ್ಲದ ರೈತನಿಂದ ಕೊಳ್ಳುವ ಸೈಟು. ಆಮೇಲೆ ಇಲ್ಲಿ ಬಂದು ಆಶೀರ್ವಾದ ಅಂತ ಸಾಕ್ಷಿ ಹೇಳ್ತೀರಿ. ಸಾಕ್ಷಿ ಹೇಳೋ ಮೊದಲು ಆ ಕಡೆಯವರನ್ನೂ ಮನಸ್ಸಿನಲ್ಲಿ ಇದೇ ವೇದಿಕೆಗೆ ಕರೆಯಿರಿ. ಅವರೂ ಹಲ್ಲೆಲೂಯಾ ಅನ್ನುತ್ತಾರಾ?

ಮಾರನೇ ವಾರ ನಾನು ಸಕಲೇಶಪುರಕ್ಕೆ ಹೋದೆ. ರೆಸಾರ್ಟಿನವರು ಹೇಳಿದ ಬೆಲೆಯಲ್ಲಿ ನಾನು ಕೊಟ್ಟದ್ದು, ಸಾಗಿಸಿದ ಖರ್ಚು ಕಳೆದರೆ 1,06,000 ರೂಪಾಯಿ ಉಳಿಯುತ್ತೆ. ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಬೈಕ್ ಮಾರಿ 40,000 ತಗೊಂಡು ಹೋದೆ. ಜಕ್ಕಾಯ ನಾಲ್ಕರಷ್ಟು ಕೊಡ್ತೀನಿ ಅಂದ, ನನ್ನಿಂದ ಒಂದರಷ್ಟೂ ಒಂದೇ ಸಲ ಆಗಲಿಲ್ಲ. ನಡೆದದ್ದೆಲ್ಲ ಹೇಳಿದೆ. ಆ ಅಮ್ಮ ಸಂತೋಷಪಡುತ್ತಾರೆ, ಎಂಥಾ ದೇವರ ಮನುಷ್ಯ ಅಂತಾರೆ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು: "ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತಮ್ಮಾ" ಅಂದೆ.

ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಕಾಫಿ ಮಾಡೋಕೆ ಹೋದರು. ಪ್ರಿಯರೇ, ಆ ಕಾಫಿ ಕುಡಿಯೋದು ನನಗೆ ದುಡ್ಡು ಕೊಟ್ಟದ್ದಕ್ಕಿಂತ ಕಷ್ಟ ಆಯಿತು. ದುಡ್ಡು ವಾಪಸ್ ಕೊಡಬಹುದು. ಅವತ್ತು ಅವರು ನನ್ನ ಮೇಲೆ ಇಟ್ಟ ನಂಬಿಕೆಯನ್ನು ವಾಪಸ್ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಉಳಿದ 66,000ವನ್ನು ತಿಂಗಳಿಗೆ 11,000ದಂತೆ ಆರು ತಿಂಗಳು ಕೊಟ್ಟೆ. ಕೊನೇ ಕಂತು ಹೋದ ತಿಂಗಳು ಮುಗಿಯಿತು. ಅದಕ್ಕೇ ಇವತ್ತು ಈ ಮಾತು ಹೇಳೋಕೆ ಬಾಯಿ ಬಂತು.

ಗರಗಸದ ಬಗ್ಗೆ ಅಪ್ಪ ಹೇಳಿಕೊಟ್ಟ ಒಂದು ವಿಷಯ ಹೇಳಿ ಮುಗಿಸ್ತೀನಿ. ದೊಡ್ಡ ಗುಂಡು ಗರಗಸ ಓಡುವಾಗ ಅದರ ಅಂಚು ಹಿಗ್ಗುತ್ತೆ. ಅದಕ್ಕೇ ತಿಳಿದವರು ಮೊದಲೇ ಅದನ್ನು ಅಡಿಗಲ್ಲಿನ ಮೇಲೆ ಮಲಗಿಸಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ನಡುಭಾಗವನ್ನು ಸ್ವಲ್ಪ ಸಡಿಲ ಮಾಡಿರುತ್ತಾರೆ. ನಿಂತಾಗ ಅದು ಸ್ವಲ್ಪ ಡೊಂಕು ಅನ್ನಿಸುತ್ತೆ, ಓಡುವಾಗ ನೆಟ್ಟಗೆ ನಿಲ್ಲುತ್ತೆ. ತಟ್ಟಿಸಿಕೊಳ್ಳದ ಗರಗಸ ನಿಂತಾಗ ಕನ್ನಡಿ ಹಾಗೆ ನೇರ, ವೇಗ ಬಂದ ಕೂಡಲೇ ನಡುಗುತ್ತೆ. ನಾನು ಭಾನುವಾರ ಇಲ್ಲಿ ನಿಂತಾಗ ನೇರವಾಗಿಯೇ ಇದ್ದೆ. ಬಳ್ಳಿ ಸರಿಸಿ ಆ ಅಕ್ಷರ ಓದಿದ ಕ್ಷಣ ನಡುಗಿದೆ. ಬೆಲೆ ಮಾತಾಡುವ ಹೊತ್ತಿನಲ್ಲಿ ಯೋಚನೆ ಮಾಡೋಕೆ ಟೈಮ್ ಇರಲ್ಲ. ಪವಿತ್ರಾತ್ಮನು ನಮ್ಮನ್ನು ಅದಕ್ಕಿಂತ ಮುಂಚೆಯೇ ತಟ್ಟಿರಬೇಕು. ನನಗಂತೂ ಆತನು ಒಬ್ಬ ತಂಗಿಯ ಪ್ರಶ್ನೆಯಲ್ಲಿ ತಟ್ಟಿದ, ತಡವಾಗಿ.

ಯಂತ್ರ ಇನ್ನೂ ತಿರುಗಿಲ್ಲ. ಒಂದು ಬೇರಿಂಗ್ ಹೊಯ್ದಾಗಿದೆ, ಇನ್ನೊಂದು ಬಾಕಿ. ಅದು ತಿರುಗುವ ದಿನ ಆ ಅಮ್ಮನನ್ನು ಕರೆದಿದ್ದೀನಿ. ನೋಡೋಣ ಅಂದಿದ್ದಾರೆ.

ಎಲ್ಲರೂ ಕಣ್ಣು ಮುಚ್ಚಿ. ಯಾರ ಗೊತ್ತಿಲ್ಲದಿರುವಿಕೆಯಿಂದ ನಿಮಗೆ ಲಾಭ ಆಗಿದೆಯೋ, ಆ ಮುಖ ಈಗ ನಿಮ್ಮ ಮುಂದೆ ಬಂದಿರಬಹುದು. ಓಡಿಸಬೇಡಿ. ತಂದೆಯೇ, ನಾವು ಆಶೀರ್ವಾದ ಅಂತ ಕರೆದದ್ದರಲ್ಲಿ ಬೇರೆಯವರ ಪಾಲು ಇದ್ದರೆ ತೋರಿಸು. ತೋರಿಸಿದ ಮೇಲೆ ಬಸ್ ಹತ್ತಿ ಅವರ ಮನೆ ಬಾಗಿಲ ತನಕ ಹೋಗುವ ಬಲವನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.