ಅನುಮತಿಯ ಹೊಣೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಬಂಧುವೊಬ್ಬರಿಂದ ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ಒಂದು ಪತ್ರ ಬಂದಿತು. ಅವರ ಹಿರಿಯರು ಬೆಳಗಾವಿ ಕಡೆಯ ಒಕ್ಕಲು ಮನೆತನದವರು. ಇವರು ಉದ್ಯೋಗನಿಮಿತ್ತ ಅಲ್ಲಿಗೆ ಹೋಗಿ, ಊರ ಹೊರಗೆ ನಾಲ್ಕು ಎಕರೆ ಹುಲ್ಲುಗಾವಲು ಸಹಿತವಾದ ಮನೆಯೊಂದನ್ನು ಕೊಂಡಿದ್ದಾರೆ. ಒಂದು ಭಾನುವಾರ ಮಧ್ಯಾಹ್ನ ಆ ಊರಿನವನೇ ಆದ ಗೃಹಸ್ಥನೊಬ್ಬನು ಬಾಗಿಲಿಗೆ ಬಂದು, ತನ್ನ ಹೆಸರು ವಿಳಾಸಗಳನ್ನು ತಿಳಿಸಿ, ಸಂಜೆಯ ಹೊತ್ತು ಅವರ ಜಮೀನಿನಲ್ಲಿ ಮೊಲಗಳನ್ನು ಏರ್ ರೈಫಲ್ಲಿನಿಂದ ಹೊಡೆಯಲು ಅನುಮತಿ ಬೇಡಿದನಂತೆ. ಕೈಯಲ್ಲಿ ಬಂದೂಕಿರಲಿಲ್ಲ, ವಿಮೆಯ ಕಾಗದವಿತ್ತು. ಗೇಟುಗಳನ್ನು ಮುಚ್ಚಿಯೇ ಹೋಗುವೆನೆಂದೂ, ಬೇಲಿಯ ರಿಪೇರಿಗೆ ಕೈಜೋಡಿಸುವೆನೆಂದೂ ಹೇಳಿದನು. ಇವರ ತರಕಾರಿ ಪಾತಿಯನ್ನು ಮೊಲಗಳು ಆಗಲೇ ಬೋಳು ಮಾಡಿದ್ದವು. ಇವರ ದಿಣ್ಣೆಯ ಬಿಲಗಳಿಂದಲೇ ಮೊಲಗಳು ತನ್ನ ಗೋಧಿಗೆ ಬರುತ್ತವೆಂದು ಪಕ್ಕದ ರೈತನೂ ದೂರಿದ್ದನು. “ನಾನು ಕೊಲ್ಲುವವನಲ್ಲ, ಕೊಲ್ಲೆಂದು ಹೇಳುವವನೂ ಅಲ್ಲ. ಕೇಳಿದವನಿಗೆ ‘ಆಗಲಿ’ ಎಂದರೆ ನನ್ನ ಪಾಲಿಗೆ ಬರುವುದೇನು?” ಎಂಬುದು ಪತ್ರದ ಪ್ರಶ್ನೆ.

ಈ ಪ್ರಶ್ನೆಯನ್ನು ‘ಬೇಡವೆಂದು ಬಿಡಿ’ ಎಂಬ ಒಂದು ಮಾತಿನಿಂದ ತೀರಿಸಿಬಿಡಬಹುದಿತ್ತು. ಆದರೆ ಆ ಬಂಧುಗಳು ಅಂಥ ಉತ್ತರವನ್ನು ತಾವೇ ಬಲ್ಲವರು. ಅವರು ಕೇಳಿದ್ದು ಕಾರಣವನ್ನು.

ಮೊದಲು ಆ ಗೃಹಸ್ಥನಿಗೆ ನ್ಯಾಯ ಸಲ್ಲಿಸೋಣ. ಮೊಲ ಹೊಡೆಯುವ ಹವ್ಯಾಸ ಆ ದೇಶದಲ್ಲಿ ಬಹುಕಾಲದ್ದು, ಅದಕ್ಕೆ ಅದರದೇ ಆದ ಶಿಸ್ತೂ ಉಂಟು. ಹೊಸಬನಿಗೆ ಹಿರಿಯರು ಕೊಡುವ ಸಲಹೆಯಲ್ಲಿ ಬಂದೂಕಿನ ಮಾತಿಗಿಂತ ಮೊದಲು ಬರುವುದು ಅನುಮತಿಯ ಮಾತು. ಸುಗ್ಗಿಯ ಗಡಿಬಿಡಿಯಲ್ಲಿ ರೈತನ ಬಳಿಗೆ ಹೋಗಬೇಡ, ಬೇಟೆಯ ಉಡುಪಿನಲ್ಲಿ ಹೋಗಬೇಡ, ಜಮೀನಿನ ಎಲ್ಲೆಯನ್ನೂ ದನಕುರಿಗಳಿರುವ ಜಾಗವನ್ನೂ ಕೇಳಿ ತಿಳಿದುಕೊ, ಒಪ್ಪಿಗೆಯನ್ನು ಬರೆವಣಿಗೆಯಲ್ಲಿ ಪಡೆ, ಇತ್ಯಾದಿ. ಅನುಮತಿಯಿಲ್ಲದೆ ಏರ್ ರೈಫಲ್ ಹಿಡಿದು ಪರರ ಜಮೀನನ್ನು ಹೊಕ್ಕರೆ 1968ರ ಬಂದೂಕು ಕಾಯ್ದೆಯಂತೆ ಅದು ಶಿಕ್ಷಾರ್ಹ ಅಪರಾಧ. ಆ ಮೇಲೆ ಉಪಕರಣದ ವಿಚಾರ: 12 ಅಡಿ-ಪೌಂಡಿಗಿಂತ ಹೆಚ್ಚಿನ ಶಕ್ತಿಯಿಲ್ಲದ ಏರ್ ರೈಫಲ್ಲಿಗೆ ಇಂಗ್ಲೆಂಡಿನಲ್ಲಿ ಪರವಾನಗಿ ಬೇಕಿಲ್ಲ, ಅದರ ಸೀಸದ ಗುಂಡು 4.5 ಅಥವಾ 5.5 ಮಿಲಿಮೀಟರಿನದು, ಮೂವತ್ತು ಮೀಟರಿನ ಆಸುಪಾಸಿನಿಂದ ತಲೆಗೇ ಗುರಿಯಿಡಬೇಕು, ನಾಣ್ಯದಷ್ಟು ಜಾಗಕ್ಕೆ ತಪ್ಪದೆ ತಗುಲಿಸಲಾರದವನು ಹೊಡೆಯಲೇಬಾರದು ಎಂಬುದು ಅವರ ನಿಯಮ. ಪ್ರಾಣಿ ನರಳಬಾರದೆಂಬ ಕಾಳಜಿ ಇದರಲ್ಲಿದೆ. ಇದನ್ನು ನಾವು ಹಗುರಾಗಿ ಕಾಣಲಾಗದು.

ಆದರೂ ಶ್ರಾವಕಾಚಾರವನ್ನು ಓದಿದವರಿಗೆ ಇಲ್ಲೊಂದು ಸಂಗತಿ ಗೋಚರಿಸದಿರದು. ಆ ಹವ್ಯಾಸಕ್ಕೆ ಬೇಕಾದವು ಮೂರು: ಸಲಹೆ, ಸಲಕರಣೆ, ಅನುಮತಿ. ಈ ಮೂರನ್ನೂ ನಮ್ಮ ಆಚಾರ್ಯರು ಬೇರೆಬೇರೆಯಾಗಿ ಹೆಸರಿಸಿಟ್ಟಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಐದಾಗಿ ಎಣಿಸುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪ್ರಾಣಿಗಳಿಗೆ ಕ್ಲೇಶವುಂಟುಮಾಡುವ ವಿದ್ಯೆಯನ್ನು ಹೇಳಿಕೊಡುವುದು ಪಾಪೋಪದೇಶ. ಕೊಲ್ಲುವ ಆಯುಧಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನ. (ಬೇಟೆಗೆ ಹೊರಟ ಸ್ನೇಹಿತನಿಗೆ ಒಂದು ರಾತ್ರಿಯ ಮಟ್ಟಿಗೆ ಜೀಪನ್ನೂ ಬ್ಯಾಟರಿಯನ್ನೂ ಕೊಟ್ಟು, ‘ನಾನೇನೂ ಹೋಗಲಿಲ್ಲವಲ್ಲ’ ಎನ್ನುವವರು ನಮ್ಮಲ್ಲೂ ಇದ್ದಾರೆ, ಈ ಮಾತು ಅವರಿಗೂ ಅನ್ವಯಿಸುತ್ತದೆ.) ಇನ್ನು ಅನುಮತಿಯಾದರೋ ಅನರ್ಥದಂಡದ ಪಟ್ಟಿಗೆ ಸೇರದೆ, ನೇರವಾಗಿ ಅಹಿಂಸಾಣುವ್ರತದ ಲಕ್ಷಣದಲ್ಲಿಯೇ ಬರುತ್ತದೆ. ಸಂಕಲ್ಪಪೂರ್ವಕವಾಗಿ ತ್ರಸಜೀವಿಗಳನ್ನು ಮನ ವಚನ ಕಾಯಗಳಿಂದ ತಾನು ಕೊಲ್ಲದಿರುವುದು, ಕೊಲ್ಲಿಸದಿರುವುದು, ಕೊಲ್ಲುವುದಕ್ಕೆ ಸಮ್ಮತಿಸದಿರುವುದು ಎಂದು ಆಚಾರ್ಯರು ಕೃತ, ಕಾರಿತ, ಅನುಮತಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಎಣಿಕೆ ಇನ್ನೂ ಸೂಕ್ಷ್ಮವಾದುದು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಯೋಗಗಳು ಮೂರು, ಕೃತ, ಕಾರಿತ, ಅನುಮತಗಳು ಮೂರು, ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಇವುಗಳಲ್ಲಿ ಮೂರನೆಯ ಒಂದು ಪಾಲು, ಅಂದರೆ 36 ಬಗೆಗಳು, ಕೇವಲ ಸಮ್ಮತಿಗೆ ಸಂಬಂಧಿಸಿದವು. ಜಪಮಾಲೆಯ 108 ಮಣಿಗಳಿಗೂ ಈ ಲೆಕ್ಕಕ್ಕೂ ಸಂಬಂಧವನ್ನು ಹೇಳುವ ರೂಢಿಯಿದೆ. ಮಣಿ ಎಣಿಸುವಾಗ ನಮ್ಮ ಕೈ ಮಾಡಿದ್ದನ್ನು ನೆನೆಯುವಷ್ಟು ಸುಲಭವಾಗಿ ನಮ್ಮ ತಲೆದೂಗಿದ್ದನ್ನು ನೆನೆಯುತ್ತೇವೆಯೇ?

ಇಲ್ಲಿ ಒಂದು ಆಕ್ಷೇಪವುಂಟು, ಅದು ಬಲವಾದದ್ದೇ. ಗೃಹಸ್ಥನಿಗೆ ಅನುಮೋದನೆಯನ್ನು ಪೂರ್ಣವಾಗಿ ಬಿಡುವುದು ಅಶಕ್ಯವೆಂದು ಪರಂಪರೆಯೇ ಒಪ್ಪಿದೆ. ಹನ್ನೊಂದು ಪ್ರತಿಮೆಗಳಲ್ಲಿ ಅನುಮತಿತ್ಯಾಗ ಹತ್ತನೆಯದು. ಆರಂಭತ್ಯಾಗ, ಪರಿಗ್ರಹತ್ಯಾಗಗಳೂ ಆದ ಮೇಲೆ ಬರತಕ್ಕದ್ದು. ಶ್ವೇತಾಂಬರ ಸಂಪ್ರದಾಯದಲ್ಲಿ ಶ್ರಾವಕನು ಸಾಮಾನ್ಯವಾಗಿ ಸ್ವೀಕರಿಸುವ ವ್ರತವು ಎರಡು ಕರಣ, ಮೂರು ಯೋಗಗಳದು: ಮಾಡೆನು, ಮಾಡಿಸೆನು ಎಂಬಷ್ಟೇ. ಹೀಗಿರುವಾಗ ನಾಲ್ಕೆಕರೆಯ ಗೃಹಸ್ಥನ ಒಂದು ‘ಆಗಲಿ’ಯನ್ನು ಏಕೆ ಇಷ್ಟು ಹಿಂಜಬೇಕು?

ಏಕೆಂದರೆ ಅದು ಅನುಮೋದನೆ ಮಾತ್ರವೆಂದು ನನಗೆ ತೋರುವುದಿಲ್ಲ. ಅನುಮೋದನೆಯೆಂದರೆ, ಪರರು ಹೇಗೂ ಮಾಡುವ ಕಾರ್ಯವನ್ನು ಒಳ್ಳೆಯದೆಂದು ಒಪ್ಪುವುದು. ನೆರೆಯ ರೈತನು ತನ್ನ ಹೊಲದಲ್ಲಿ ಮೊಲಗಳನ್ನು ಕೊಲ್ಲಿಸಿದಾಗ ‘ಪೀಡೆ ತೊಲಗಿತು’ ಎಂದು ನಾವು ಮನದಲ್ಲಿ ಹಿಗ್ಗಿದರೆ ಅದು ಅನುಮೋದನೆ. ನಾವು ಹಿಗ್ಗಲಿ ಬಿಡಲಿ, ಆ ಮೊಲ ಸಾಯುತ್ತಿತ್ತು. ಜಮೀನಿನ ಒಡೆಯನ ಅನುಮತಿ ಹಾಗಲ್ಲ. ಅದಿಲ್ಲದೆ ಬೇಟೆಗಾರನು ಗೇಟನ್ನು ದಾಟಲಾರನು, ದಾಟಿದರೆ ಅಪರಾಧಿ. ಒಡೆಯನ ಮಾತೇ ಆ ಕ್ರಿಯೆಗೆ ದ್ವಾರ. ಯಾವ ಮಾತಿಲ್ಲದಿದ್ದರೆ ಕ್ರಿಯೆ ನಡೆಯುವುದೇ ಇಲ್ಲವೋ ಆ ಮಾತು ‘ಕಾರಿತ’ಕ್ಕೆ ಹತ್ತಿರವಾದುದಲ್ಲವೆ? ಇಷ್ಟನ್ನು ಒಪ್ಪಿದರೆ ಎರಡು ಕರಣಗಳ ವ್ರತದವನೂ ಇಲ್ಲಿ ತಪ್ಪಿಸಿಕೊಳ್ಳಲಾರನು. ಆ ದೇಶದ ಕಾನೂನೂ ಒಂದೆಡೆ ಹೀಗೆಯೇ ಯೋಚಿಸಿದೆ. 1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ಘೋರ ರೋಗ ಬ್ರಿಟನ್ನಿಗೆ ಬಂದು ಕೆಲವೇ ವರ್ಷಗಳಲ್ಲಿ ಅಲ್ಲಿನ ಬಹುಪಾಲು ಮೊಲಗಳನ್ನು ಕೊಂದಿತು. ರೋಗದ ಮೊಲವನ್ನು ತಂದು ಬಿಟ್ಟು ಅದನ್ನು ಹರಡುವವನು ಮಾತ್ರವಲ್ಲ, ಹಾಗೆ ಮಾಡಲು ತಿಳಿದೂ ಅವಕಾಶ ಕೊಡುವವನೂ ಅಪರಾಧಿಯೆಂದು 1954ರ ಕೀಟಪೀಡೆ ಕಾಯ್ದೆ ವಿಧಿಸಿತು.

ಪತ್ರದಲ್ಲಿ ಇನ್ನೊಂದು ವಾದವಿತ್ತು: ಇದು ಬೆಳೆಯ ರಕ್ಷಣೆ, ಆದಕಾರಣ ವಿರೋಧಿ ಹಿಂಸೆಯಾಗಬಹುದಲ್ಲವೆ ಎಂದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕರಲ್ಲಿ ಗೃಹಸ್ಥನು ಮೊದಲನೆಯದನ್ನು ಸರ್ವಥಾ ಬಿಡತಕ್ಕವನು, ಉಳಿದವನ್ನು ಯತ್ನಾಚಾರದಿಂದ ಕಡಿಮೆ ಮಾಡತಕ್ಕವನು. ನೇಗಿಲ ಬಾಯಿಗೆ ಸಿಕ್ಕಿ ಸಾಯುವ ಹುಳು ಉದ್ಯೋಗೀ ಹಿಂಸೆಯ ಲೆಕ್ಕ. ಅದನ್ನು ಕೊಲ್ಲಬೇಕೆಂದು ಉಳುವವನಾರೂ ಇಲ್ಲ. ಆಕ್ರಮಿಸಿ ಬಂದವನನ್ನು ಬೇರೆ ಗತಿಯಿಲ್ಲದೆ ಎದುರಿಸುವುದು ವಿರೋಧೀ. ಆದರೆ ಸಂಜೆ ಹುಲ್ಲು ಮೇಯಲು ಬಿಲದಿಂದ ಹೊರಬಂದ ಪ್ರಾಣಿಯನ್ನು, ತಾಸುಗಟ್ಟಲೆ ಹೊಂಚಿ ಕುಳಿತು, ಕಣ್ಣಿಗೂ ಕಿವಿಗೂ ನಡುವೆ ಗುರಿಯಿಟ್ಟು ಹೊಡೆಯುವ ಕ್ರಿಯೆಯಲ್ಲಿ ಸಂಕಲ್ಪವಲ್ಲದೆ ಬೇರೇನಿದೆ? ಬೆಳೆಗೆ ಲಾಭವಾಗುವುದು ನಿಜವಿರಬಹುದು. ಲಾಭವು ಸಂಕಲ್ಪವನ್ನು ಅಳಿಸುವುದಿಲ್ಲ.

ಆ ಪ್ರಾಣಿಯ ಬಾಳನ್ನೂ ಅರಿಯಬೇಕು. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರಾದರೂ ನಮ್ಮ ಕಾಡುಮೊಲ ಬೇರೆ, ಅಲ್ಲಿನ ಬಿಲದ ಮೊಲ ಬೇರೆ. ನಮ್ಮದು ಬಿಲ ತೋಡದು. ಅದರ ಮರಿಗಳು ಹುಟ್ಟುವಾಗಲೇ ಕಣ್ತೆರೆದಿರುತ್ತವೆ, ಮೈತುಂಬ ಕೂದಲಿರುತ್ತದೆ. ಅಲ್ಲಿನ ಮೊಲದ ಮರಿಗಳು ಬಿಲದೊಳಗೆ ಕುರುಡಾಗಿ, ಬತ್ತಲೆಯಾಗಿ ಹುಟ್ಟುತ್ತವೆ. ತಾಯಿ ದಿನಕ್ಕೆ ಹೆಚ್ಚಾಗಿ ಒಂದೇ ಸಲ, ಕೆಲವೇ ನಿಮಿಷಗಳ ಕಾಲ ಹಾಲೂಡಿಸಿ ಹೋಗುತ್ತದೆ. ವಸಂತ ಗ್ರೀಷ್ಮಗಳಲ್ಲಿ, ಅಂದರೆ ತೋಟಕ್ಕೆ ಹಾನಿ ಹೆಚ್ಚಾಗಿ ಬೇಟೆಗೆ ಕರೆ ಬರುವ ಕಾಲದಲ್ಲಿಯೇ ಬಿಲಗಳಲ್ಲಿ ಮರಿಗಳಿರುವುದೂ ಹೆಚ್ಚು. ಗುರಿಕಾರನು ಎಷ್ಟೇ ನಿಪುಣನಾಗಿರಲಿ, ಹುಲ್ಲಿನಲ್ಲಿ ಕಂಡ ಮೊಲವು ಹಾಲೂಡುವ ತಾಯಿಯೋ ಅಲ್ಲವೋ ಎಂಬುದನ್ನು ಮೂವತ್ತು ಮೀಟರಿನಿಂದ ಅರಿಯಲಾರನು. ತಾಯಿಗೆ ನರಳಿಕೆಯಿಲ್ಲದ ಮರಣವನ್ನು ಕೊಟ್ಟವನು ಮರಿಗಳಿಗೆ ಹಸಿವಿನ ಮರಣವನ್ನು ಕೊಟ್ಟಿರಬಹುದು. ಅವನ ಶಿಸ್ತಿನ ಲೆಕ್ಕದಲ್ಲಿ ಒಂದು ಗುಂಡು, ಒಂದು ಜೀವ. ಬಿಲದೊಳಗಿನ ಲೆಕ್ಕವನ್ನು ಅವನೂ ನೋಡಲಾರ, ಅನುಮತಿ ಕೊಟ್ಟವನೂ ನೋಡಲಾರ.

ಧರ್ಮದ ಮಾತು ಇಷ್ಟಾದರೆ, ಕಾನೂನಿನ ತೊಡಕು ಬೇರೆಯೇ ಇದೆ; ವಿದೇಶಗಳಲ್ಲಿ ಭೂಮಿ ಹೊಂದಿರುವ ನಮ್ಮ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ತಿಳಿದಿರಬೇಕು. ಮೇಲೆ ಹೇಳಿದ 1954ರ ಕಾಯ್ದೆಯಂತೆ ಇಂಗ್ಲೆಂಡಿನ ಬಹುತೇಕ ಎಲ್ಲ ಪ್ರದೇಶವೂ ಮೊಲಗಳ ನಿರ್ಮೂಲನ ಕ್ಷೇತ್ರವೆನಿಸಿದೆ. ಜಮೀನನ್ನು ಅನುಭವಿಸುವವನು ಅಲ್ಲಿನ ಕಾಡುಮೊಲಗಳನ್ನು ಕೊಲ್ಲಲು ಕ್ರಮ ಕೈಗೊಳ್ಳಬೇಕು. ಅದು ಕಾರ್ಯಸಾಧ್ಯವಲ್ಲವೆಂದು ತೋರಿಸಿದರೆ ಅವುಗಳಿಂದ ಹಾನಿಯಾಗದಂತೆ ತಡೆಯಬೇಕು. ಆತ್ಮಸಾಕ್ಷಿಗಾಗಿ ವಿನಾಯಿತಿಯೆಂಬುದು ಅದರಲ್ಲಿಲ್ಲ. ಅದಕ್ಕಿಂತ ಹಳೆಯದು 1880ರ ಕಾಯ್ದೆ. ಬಡ ಗೇಣಿದಾರನ ಬೆಳೆಯನ್ನು ಜಮೀನ್ದಾರನ ಬೇಟೆಯ ಮೊಲಗಳು ತಿಂದುಹಾಕುತ್ತಿದ್ದ ಕಾಲದಲ್ಲಿ, ಗೇಣಿದಾರನಿಗೂ ಅವನ್ನು ಕೊಲ್ಲುವ ಹಕ್ಕನ್ನು ಅದು ಕೊಟ್ಟಿತು; ಆ ಹಕ್ಕನ್ನು ಕಸಿಯುವ ಯಾವ ಕರಾರೂ ಅಸಿಂಧುವೆಂದು ಸಾರಿತು. ಅಂದಿನ ಅನ್ಯಾಯಕ್ಕೆ ಅದು ತಕ್ಕ ಪರಿಹಾರವೇ. ಆದರೆ ಇಂದು ಜೈನ ಸಂಸ್ಥೆಯೊಂದು ಅಲ್ಲಿ ಜಮೀನು ಕೊಂಡು ಗೇಣಿಗೆ ಕೊಟ್ಟರೆ, ‘ಇಲ್ಲಿ ಮೊಲ ಹೊಡೆಯಕೂಡದು’ ಎಂದು ಕರಾರಿನಲ್ಲಿ ಬರೆದ ಸಾಲು ನಿಲ್ಲುವುದಿಲ್ಲ. ಅನುಮತಿ ಕೇಳಲು ಯಾರೂ ಬರುವುದಿಲ್ಲ. ಗೇಣಿಪತ್ರಕ್ಕೆ ಸಹಿ ಹಾಕಿದಾಗಲೇ ಅದು ಕೈಬಿಟ್ಟು ಹೋಗಿರುತ್ತದೆ. ಜಮೀನನ್ನು ತಾವೇ ಇಟ್ಟುಕೊಳ್ಳುವುದೋ, ಯಾರಿಗೆ ಕೊಡುವುದೋ ಎಂಬ ವಿಚಾರವನ್ನು ಬಾಡಿಗೆಯ ಮೊತ್ತಕ್ಕಿಂತ ಮೊದಲು ಮಾಡಬೇಕಾದುದು ಇದರಿಂದಲೇ.

ಕೊಲ್ಲದೆ ತಡೆಯುವ ಮಾರ್ಗವೆಂದರೆ ಬೇಲಿ. 31 ಮಿಲಿಮೀಟರ್ ಕಣ್ಣಿನ ತಂತಿಬಲೆಯನ್ನು ಸುಮಾರು 90 ಸೆಂಟಿಮೀಟರ್ ಎತ್ತರ ನಿಲ್ಲಿಸಿ, ಕೆಳಗಿನ 15 ಸೆಂಟಿಮೀಟರನ್ನು ಹೊರಕ್ಕೆ, ಮೊಲ ಬರುವ ದಿಕ್ಕಿಗೆ, ನೆಲದ ಮೇಲೆ ಮಡಿಸಿ ಹುಲ್ಲಿನ ಹೆಂಟೆಗಳಿಂದ ಮುಚ್ಚಬೇಕು. ಮೊಲ ಬೇಲಿಯ ಬುಡದಲ್ಲಿಯೇ ಕೆರೆಯುತ್ತದೆಯಾದುದರಿಂದ ಆ ಮಡಿಕೆಯ ಮೇಲೆ ನಿಂತು ಕೆರೆದು ಸೋತು ಹಿಂದಿರುಗುತ್ತದೆ. ಬೇಲಿ ಮುಚ್ಚುವ ಮುನ್ನ ಒಳಗೆ ವಾಸದ ಬಿಲಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಹಣ ಬೇಕು, ವರುಷವರುಷವೂ ತೂತು ಹುಡುಕುವ ತಾಳ್ಮೆ ಬೇಕು. ಬೇಟೆಗಾರನು ಕೇಳುವುದು ಒಂದು ಮಾತು ಮಾತ್ರ, ಅದೂ ಬಿಟ್ಟಿ. ಅಗ್ಗವಾದ ಮಾತೆಂದೇ ಅದು ಬಾಯಿಂದ ಬೇಗ ಬರುತ್ತದೆ.

ಬೇಗ ಬರುವುದಕ್ಕೆ ಇನ್ನೊಂದು ಕಾರಣ ದಾಕ್ಷಿಣ್ಯ. ಜನ್ನನ ಯಶೋಧರ ಚರಿತೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಆ ದೊರೆಯು ಪ್ರಾಣಿಬಲಿಯನ್ನು ಒಪ್ಪಲಿಲ್ಲ. ಖಡ್ಗವನ್ನು ಹಿರಿದು ತನ್ನನ್ನೇ ನೀಗಿಕೊಳ್ಳಲು ಮುಂದಾದವನೆಂದರೆ ಅವನ ನಿಷ್ಠೆ ಕಡಿಮೆಯದೇನಲ್ಲ. ಆದರೆ ತಾಯಿಯ ಮಾತನ್ನು ಪೂರಾ ತಳ್ಳಿಹಾಕಲಾರದೆ ಹಿಟ್ಟಿನ ಕೋಳಿಗೆ ಒಪ್ಪಿದನು. ಭವಭವಗಳಲ್ಲಿ ಅವನು ಪಟ್ಟ ಪಾಡೆಲ್ಲ ಆ ಒಪ್ಪಿಗೆಯಿಂದ. ಒಂದು ಭವದಲ್ಲಿ ತಾಯಿ ಮಗನಿಬ್ಬರೂ ಕೋಳಿಗಳಾಗಿದ್ದಾಗ ಅವರನ್ನು ಬಾಣದಿಂದ ಕೊಂದವನು ಯಶೋಧರನ ಮಗನೇ. ದನಿಯನ್ನಾಲಿಸಿ ಗುರಿ ಹೊಡೆಯುವ ತನ್ನ ಕೌಶಲವನ್ನು ರಾಣಿಗೆ ತೋರಿಸಲೆಂದು. ಕೊಲ್ಲುವ ಹಗೆತನ ಆ ಬಿಲ್ಗಾರನಲ್ಲಿಯೂ ಇರಲಿಲ್ಲ. ಒಬ್ಬನಲ್ಲಿ ದಾಕ್ಷಿಣ್ಯ, ಇನ್ನೊಬ್ಬನಲ್ಲಿ ಕೈಚಳಕದ ಹೆಮ್ಮೆ. ನಮ್ಮ ಬಂಧುಗಳ ಬಾಗಿಲಲ್ಲಿ ಆ ಭಾನುವಾರ ಎದುರುಬದುರಾಗಿ ನಿಂತಿದ್ದುವೂ ಇವೆರಡೇ ಅಲ್ಲವೆ?

ನಮ್ಮ ನಾಡಿನ ಹೊಲಗಳಲ್ಲಿ ಈ ಪ್ರಶ್ನೆಗೆ ಕಾನೂನೇ ಉತ್ತರ ಹೇಳಿದೆಯೆಂದು ನೆಮ್ಮದಿಪಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಮೊಲದ ಬೇಟೆ ಅಪರಾಧ. ಹೊಲದ ಒಡೆಯನ ಒಪ್ಪಿಗೆಯಿಂದ ಅದು ಸಕ್ರಮವಾಗದು. ಆದರೂ ಶೇಂಗಾ, ಕಡಲೆಯ ಹೊಲಗಳ ಬದುವಿನಲ್ಲಿ ರಾತ್ರಿ ಬ್ಯಾಟರಿಯ ಬೆಳಕು ಹೊಯ್ದಾಡಿದಾಗ ಕದ ಮುಚ್ಚಿಕೊಂಡು ಸುಮ್ಮನಿರುವುದು ನಮ್ಮ ಒಕ್ಕಲು ಮನೆಗಳಿಗೆ ಅಪರಿಚಿತವೇನಲ್ಲ. ಅಲ್ಲಿ ಬಾಯಿಬಿಟ್ಟು ಕೇಳುತ್ತಾರೆ. ಇಲ್ಲಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಇದನ್ನೆಲ್ಲ ಬರೆದು ಕಳುಹಿಸಿದೆ. ಎರಡು ತಿಂಗಳ ಮೇಲೆ ಮಾರುತ್ತರ ಬಂದಿತು. ಆ ಗೃಹಸ್ಥನನ್ನು ಬರಮಾಡಿಕೊಂಡು ಚಹ ಕೊಟ್ಟು, ತಮ್ಮ ಮನೆತನದ ಧರ್ಮವನ್ನು ತಿಳಿಸಿ, ಒಲ್ಲೆನೆಂದರಂತೆ. ಅವನು ಬೇಸರಿಸಲಿಲ್ಲ, ಬೇಲಿ ಕಟ್ಟಲು ಬಲ್ಲವನೊಬ್ಬನ ವಿಳಾಸವನ್ನು ತಾನೇ ಕೊಟ್ಟು ಹೋದನು. ತರಕಾರಿ ಪಾತಿಗೂ ನೆರೆಯವನ ಗೋಧಿಯ ಕಡೆಯ ಎಲ್ಲೆಗೂ ಬಲೆ ಬಂದಿದೆ. ದಿಣ್ಣೆಯ ಬಿಲಗಳು ಇದ್ದಲ್ಲಿಯೇ ಇವೆ. ಆದರೆ ಮೂರನೆಯ ಮಗ್ಗುಲಿನ ಹೊಲದವನು ಅದೇ ಗೃಹಸ್ಥನಿಗೆ ಅನುಮತಿ ಕೊಟ್ಟಿದ್ದಾನಂತೆ. ಬೇಲಿಯಿಂದ ದಾರಿ ತಪ್ಪಿದ ಮೊಲಗಳು ಈಗ ಆ ಕಡೆಗೇ ಮೇಯಲು ಹೋಗುತ್ತವೆ. ಸಂಜೆ ಸಾಮಾಯಿಕಕ್ಕೆ ಕುಳಿತಾಗ ಒಮ್ಮೊಮ್ಮೆ ಆ ದಿಕ್ಕಿನಿಂದ ಸಣ್ಣಗೆ ಸದ್ದು ಕೇಳುತ್ತದೆಂದೂ, ಆ ಮಗ್ಗುಲಿಗೂ ಬೇಲಿ ಹಾಕಿಸಬೇಕೆ ಎಂದೂ ಕೇಳಿ ಬರೆದಿದ್ದಾರೆ.