ನಮ್ಮ ಪೆಟ್ಟಿಗೆ, ಯಾರದೋ ಬೆನ್ನು

ಪ್ರವಾಸ ಮುಗಿಸಿ ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ, 'ಏನೇನು ನೋಡಿದಿರಿ?' ಎಂದು. ಅಲ್ಲಿ ಹೇಗೆ ನಡೆದುಕೊಂಡಿರಿ ಎಂದು ಯಾರೂ ಕೇಳುವುದಿಲ್ಲ. 2023ರ ಮೇ ತಿಂಗಳಲ್ಲಿ ಹೆಂಡತಿ, ಮಗಳ ಜೊತೆ ಮೂರು ದಿನದ ಮಟ್ಟಿಗೆ ಶಿಮ್ಲಾಕ್ಕೆ ಹೋಗಿ ಬಂದ ನನ್ನನ್ನೂ ಯಾರೂ ಕೇಳಲಿಲ್ಲ. ಹಾಗಾಗಿ ನಾನೇ ಕೇಳಿಕೊಳ್ಳುತ್ತಿದ್ದೇನೆ.

ಕಾಲ್ಕಾದಿಂದ ಶಿಮ್ಲಾಕ್ಕೆ 96 ಕಿಲೋಮೀಟರ್. 1903ರಲ್ಲಿ ಆರಂಭವಾದ ಪುಟ್ಟ ರೈಲು, ನೂರಕ್ಕೂ ಹೆಚ್ಚು ಸುರಂಗಗಳನ್ನು ದಾಟಿ ಬೆಟ್ಟ ಹತ್ತುತ್ತದೆ. ಸುರಂಗಗಳನ್ನು ಲೆಕ್ಕ ಹಾಕುತ್ತೇನೆಂದು ಹಟ ಹಿಡಿದಿದ್ದ ಮಗಳು ಅರವತ್ತರ ಹೊತ್ತಿಗೆ ನಿದ್ದೆ ಹೋಗಿದ್ದಳು. ನಮ್ಮ ಹೋಟೆಲು ಇದ್ದದ್ದು ಮೇಲೆ, ಮಾಲ್ ರಸ್ತೆಯ ಪಕ್ಕ. ಆ ರಸ್ತೆಗೆ ವಾಹನಗಳನ್ನು ಬಿಡುವುದಿಲ್ಲ. ಶಿಮ್ಲಾದ ಚೆಲುವಿನಲ್ಲಿ ಅರ್ಧ ಪಾಲು ಈ ನಿಯಮದ್ದೇ. ಹಾರನ್ ಸದ್ದಿಲ್ಲದ ರಸ್ತೆಯಲ್ಲಿ ನಡೆಯುವ ಸುಖ ಅನುಭವಿಸಿದವರಿಗೇ ಗೊತ್ತು. ಆದರೆ ವಾಹನ ಹೋಗದ ಕಡೆಗೂ ಗ್ಯಾಸ್ ಸಿಲಿಂಡರ್ ಹೋಗಬೇಕು, ಫ್ರಿಜ್ ಹೋಗಬೇಕು, ಅಕ್ಕಿ ಮೂಟೆ ಹೋಗಬೇಕು, ಪ್ರವಾಸಿಗರ ಪೆಟ್ಟಿಗೆಗಳೂ ಹೋಗಬೇಕು. ಅವೆಲ್ಲ ಹೋಗುವುದು ಮನುಷ್ಯರ ಬೆನ್ನ ಮೇಲೆ.

ನಿಲ್ದಾಣದ ಹೊರಗೆ ಹೆಗಲಿಗೆ ಹಗ್ಗ ಹಾಕಿಕೊಂಡು ನಿಂತಿದ್ದವರಲ್ಲಿ ಒಬ್ಬ ಮುದುಕ ಮುಂದೆ ಬಂದ. ಮುನ್ನೂರು ರೂಪಾಯಿ ಕೇಳಿದ. ನಾನು ನೂರೈವತ್ತು ಎಂದೆ. ಅವನು ಬೆಟ್ಟದ ಕಡೆ ಕೈ ತೋರಿಸಿದ. ನಾನು ಬೇರೆ ಹಮಾಲಿಗಳ ಕಡೆ ನೋಡಿದೆ. ಇನ್ನೂರಕ್ಕೆ ಒಪ್ಪಿಕೊಂಡ. ಗೆದ್ದೆ ಎಂಬ ಸಣ್ಣ ಖುಷಿ ನನಗಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಅದೇ ಸಂಜೆ ಮೂರು ಐಸ್‌ಕ್ರೀಮಿಗೆ ಇನ್ನೂರ ನಲವತ್ತು ಕೊಟ್ಟಾಗ ಚೌಕಾಶಿ ಮಾಡಬೇಕೆಂದು ಹೊಳೆಯಲೇ ಇಲ್ಲ.

ಎರಡು ಪೆಟ್ಟಿಗೆ, ಒಂದು ಚೀಲ. ಎಲ್ಲವನ್ನೂ ಹಗ್ಗದಲ್ಲಿ ಬಿಗಿದು ಬೆನ್ನಿಗೇರಿಸಿಕೊಂಡು ನೆಲ ನೋಡುತ್ತ ಹತ್ತತೊಡಗಿದ. ಬರಿಗೈಯಲ್ಲಿದ್ದ ನನಗೇ ಏದುಸಿರು. ಅರ್ಧ ದಾರಿಯಲ್ಲಿ ಒಂದು ಮೋಟುಗೋಡೆಗೆ ಹೊರೆಯನ್ನು ಆನಿಸಿ ನಿಂತಾಗ ನನ್ನ ಹೆಂಡತಿ ನೀರಿನ ಬಾಟಲಿ ಚಾಚಿದಳು. 'ಬಿಸ್ಮಿಲ್ಲಾ' ಎಂದು ಮೂರು ಗುಟುಕಿನಲ್ಲಿ ಕುಡಿದ. ಅವಳು ತಕ್ಷಣ, 'ಅಸ್ಸಲಾಮು ಅಲೈಕುಮ್, ಚಾಚಾ' ಎಂದಳು.

ಅಲ್ಲಿಂದ ಮುಂದೆ ಎಲ್ಲವೂ ಬದಲಾಯಿತು. ಅವರು ಕಾಶ್ಮೀರದ ಅನಂತನಾಗ್ ಕಡೆಯವರು. ಶಿಮ್ಲಾದ ಹಮಾಲಿಗಳಲ್ಲಿ ಕಾಶ್ಮೀರದಿಂದ ಬಂದವರು ಬಹಳ. ಊರಿನವರ ಬಾಯಲ್ಲಿ ಅವರೆಲ್ಲರಿಗೂ ಒಂದೇ ಹೆಸರು, 'ಖಾನ್'. ನಮ್ಮ ದಖನಿ ಉರ್ದು ಕೇಳಿ ಚಾಚಾ ನಕ್ಕರು. ಕರ್ನಾಟಕ ಎಲ್ಲಿ ಬರುತ್ತದೆ, ಅಲ್ಲಿ ಹಿಮ ಬೀಳುತ್ತದೆಯೇ ಎಂದು ಕೇಳಿದರು. ಹೋಟೆಲು ತಲುಪಿದಾಗ ನಾನು ಇನ್ನೂರರ ಬದಲು ಮುನ್ನೂರೈವತ್ತು ಕೊಟ್ಟೆ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿಯವರ ಮಾತು ನೆನಪಾಗಿ ಮನಸ್ಸು ಹಗುರವೂ ಆಯಿತು.

ರಾತ್ರಿ ಮಲಗಿದಾಗ ಆ ಹಗುರತನ ಉಳಿಯಲಿಲ್ಲ. ಓದುಗರು ಗಮನಿಸಿರಬಹುದು, ಮೇಲೆ ಬರೆಯುತ್ತ ಬಂದಾಗ ಸಲಾಮಿನವರೆಗೆ ಆ ಮನುಷ್ಯ 'ಅವನು'. ಸಲಾಮಿನ ನಂತರ 'ಅವರು'. ಬೇಕೆಂದು ಹಾಗೆ ಬರೆದದ್ದಲ್ಲ. ನನ್ನ ಮನಸ್ಸಿನಲ್ಲಿ ಆದದ್ದೇ ಹಾಗೆ. ನಮ್ಮ ಕನ್ನಡ ಇಂಥ ವಿಷಯದಲ್ಲಿ ಏನನ್ನೂ ಬಚ್ಚಿಡಲು ಬಿಡುವುದಿಲ್ಲ. ನೀರು ಕುಡಿಯುವ ಮೊದಲೂ ಅವರ ವಯಸ್ಸು ಅಷ್ಟೇ ಇತ್ತು, ಬೆನ್ನು ಅಷ್ಟೇ ಬಾಗಿತ್ತು, ಏರು ಅಷ್ಟೇ ಕಡಿದಾಗಿತ್ತು. ಹೊಸದಾಗಿ ನನಗೆ ಗೊತ್ತಾದದ್ದು ಒಂದೇ, ಅವರು ನಮ್ಮವರು ಎಂಬುದು. ಹಾಗಾದರೆ ನನ್ನಲ್ಲಿ ಎಚ್ಚರಗೊಂಡದ್ದು ನ್ಯಾಯಪ್ರಜ್ಞೆಯೋ, ಬರೀ ಬಂಧುಪ್ರೇಮವೋ? ಆ ಸಾಲಿನಲ್ಲಿ ನೇಪಾಳದವರೂ ಇದ್ದರು, ಬಿಹಾರದವರೂ ಇದ್ದರು. ಅವರಲ್ಲಿ ಒಬ್ಬರು ನಮ್ಮ ಪೆಟ್ಟಿಗೆ ಹೊತ್ತು, ತಮ್ಮ ದೇವರನ್ನು ನೆನೆದು ನೀರು ಕುಡಿದಿದ್ದರೆ ನಾನು ಇನ್ನೂರನ್ನೇ ಎಣಿಸಿ ಕೊಟ್ಟು ಒಳಗೆ ಹೋಗುತ್ತಿದ್ದೆ. ಬಂಧುಪ್ರೇಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕರುಣೆ ಬಹುಶಃ ಅಲ್ಲಿಂದಲೇ ಹುಟ್ಟುತ್ತದೆ. ಆದರೆ ಕೂಲಿ ಕರುಣೆಯಲ್ಲ. ಅದು ಅವರ ಹಕ್ಕು. ಹಕ್ಕಿಗೆ ಸಲಾಮಿನ ಶಿಫಾರಸು ಬೇಕಾದರೆ ಅದು ಹಕ್ಕಾಗಿ ಉಳಿಯುವುದಿಲ್ಲ.

ಮರುದಿನ ವೈಸ್‌ರಾಯ್‌ಗಳ ಬಂಗಲೆ ನೋಡಲು ಹೋದೆವು. 1888ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ. ಈಗ ಅಲ್ಲಿ ಉನ್ನತ ಅಧ್ಯಯನ ಸಂಸ್ಥೆಯಿದೆ. 1945ರ ಸಮ್ಮೇಳನಕ್ಕೆ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಮೌಲಾನಾ ಆಜಾದರು ಬಂದದ್ದು ಇಲ್ಲಿಗೇ. ಯಾರ ಪರವಾಗಿ ಯಾರು ಮಾತಾಡಬೇಕೆಂಬ ಜಗಳದಲ್ಲಿ ಆ ಸಮ್ಮೇಳನ ಮುರಿದುಬಿತ್ತು. ಆದರೆ ನನ್ನ ತಲೆಯಲ್ಲಿ ಹಿಂದಿನ ದಿನದ ಏರು ಇನ್ನೂ ಇಳಿದಿರಲಿಲ್ಲ. 1864ರಿಂದ ಶಿಮ್ಲಾ ಬ್ರಿಟಿಷರ ಬೇಸಿಗೆ ರಾಜಧಾನಿ. ಪ್ರತಿ ವರ್ಷ ಇಡೀ ಸರ್ಕಾರ ಬೆಟ್ಟ ಹತ್ತಿ ಇಳಿಯುತ್ತಿತ್ತು. ರೈಲು ಬರುವ ಮೊದಲು ಆ ಕಡತಗಳು, ಕುರ್ಚಿ ಮೇಜುಗಳು, ಪಿಯಾನೋಗಳು ಹೇಗೆ ಮೇಲೆ ಬಂದವು? ಗಾಡಿ, ಹೇಸರಗತ್ತೆ, ಮತ್ತೆ ಅದೇ ಮನುಷ್ಯರ ಬೆನ್ನು.

ಸುತ್ತಲಿನ ಬೆಟ್ಟದ ಹಳ್ಳಿಗಳಲ್ಲಿ ಇದಕ್ಕೆ 'ಬೇಗಾರ್' ಎಂಬ ಪದ್ಧತಿಯೇ ಇತ್ತು. ನಾವು ಬಿಟ್ಟಿ ಚಾಕರಿ ಎನ್ನುತ್ತೇವಲ್ಲ, ಅದು. ಸಾಹೇಬರು, ಅಧಿಕಾರಿಗಳು ಪಯಣ ಹೊರಟರೆ ಹಳ್ಳಿಗರು ತಮ್ಮ ಹೊಲದ ಕೆಲಸ ಬಿಟ್ಟು ಅವರ ಸಾಮಾನು ಹೊರಬೇಕು. ಇಲ್ಲವೆನ್ನುವಂತಿರಲಿಲ್ಲ. 1920-21ರ ಸುಮಾರಿಗೆ ಇದರ ವಿರುದ್ಧ ಹಳ್ಳಿಗರ ಜೊತೆ ನಿಂತು ಹೋರಾಡಿದವರಲ್ಲಿ ಪ್ರಮುಖರು ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್. ಕೋಟ್‌ಗಢದಲ್ಲಿ ನೆಲೆಸಿ, ಅಲ್ಲಿಗೆ ಒಳ್ಳೆಯ ಸೇಬಿನ ತಳಿ ತಂದವರು. ಗಾಂಧೀಜಿಯ ಅಸಹಕಾರ ಚಳವಳಿಯಲ್ಲಿ 1921ರಲ್ಲಿ ಜೈಲಿಗೂ ಹೋದರು. ಮುಂದೆ ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡರು. ಬೆಟ್ಟದ ಜನ ಅವನಿಗೆ ಸ್ವಜಾತಿಯವರಲ್ಲ, ಸ್ವಭಾಷೆಯವರಲ್ಲ, ಅವನ ದೇಶದವರೂ ಅಲ್ಲ. ಅವನಿಗೆ ಯಾರ ಸಲಾಮೂ ಬೇಕಾಗಲಿಲ್ಲ. (ನೋಡಿ, ಸ್ಟೋಕ್ಸರನ್ನೂ ಇಲ್ಲಿ ನಾನು 'ಅವನು' ಎಂದುಬಿಟ್ಟೆ. ಇದು ಸಲುಗೆಯ ಏಕವಚನ ಎಂದಿಟ್ಟುಕೊಳ್ಳಿ.)

ಬಿಟ್ಟಿ ಚಾಕರಿ ಹೋಯಿತು. ಈಗ ಹೊರುವವರು ಒಪ್ಪಿಯೇ ಹೊರುತ್ತಾರೆ ಎಂದು ನನ್ನೊಳಗಿನ ವಕೀಲ ವಾದಿಸಿದ. ಹೌದು, ಚಾಚಾ ಇನ್ನೂರಕ್ಕೆ ಒಪ್ಪಿದರು. ಆದರೆ ಒಪ್ಪಿಗೆಗೆ ಬೆಲೆ ಬರುವುದು ಒಲ್ಲೆ ಎನ್ನುವ ಶಕ್ತಿ ಇದ್ದಾಗ. ನಾನು ಬೇರೆ ಹಮಾಲಿಗಳ ಕಡೆ ನೋಡಿದ ಆ ಒಂದು ನೋಟವಿದೆಯಲ್ಲ, ಅದು ಅವರ ಬಾಯಿಂದ 'ಒಲ್ಲೆ' ಎಂಬ ಮಾತನ್ನು ಕಿತ್ತುಕೊಂಡಿತು. ಅಂದು ಸಾಹೇಬನ ಚಾವಟಿ ಮಾಡುತ್ತಿದ್ದ ಕೆಲಸವನ್ನು ಇಂದು ಹಸಿವು ಮಾಡುತ್ತಿದೆ. ಹಸಿವಿನ ಬೆನ್ನ ಹಿಂದೆ ನಿಂತ ನನಗೆ ನನ್ನ ಕೈಯಲ್ಲಿ ಏನೂ ಇಲ್ಲವೆಂಬ ಭ್ರಮೆ.

ನೀರಿನ ವಿಷಯವೂ ಹೀಗೆಯೇ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ರಿಡ್ಜ್ ಮೈದಾನದ ಅಡಿಯಲ್ಲಿ ಬ್ರಿಟಿಷರ ಕಾಲದ ದೊಡ್ಡ ನೀರಿನ ತೊಟ್ಟಿಯಿದೆ. ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಶಿಮ್ಲಾಕ್ಕೆ ಕೆಳಗಿನ ಕಣಿವೆಗಳಿಂದ ನೀರನ್ನು ಪಂಪ್ ಮಾಡಿ ಎತ್ತಬೇಕು. 2018ರ ಮೇ ತಿಂಗಳಲ್ಲಿ ಆ ಊರು ಎಷ್ಟು ಬಾಯಾರಿತೆಂದರೆ, ದಯವಿಟ್ಟು ಬರಬೇಡಿ ಎಂದು ಊರಿನವರೇ ಪ್ರವಾಸಿಗರನ್ನು ಬೇಡಿಕೊಂಡರು. ಪ್ರವಾಸಿಗರಿಂದಲೇ ಹೊಟ್ಟೆ ಹೊರೆಯುವ ಊರೊಂದು ಹಾಗೆ ಹೇಳಬೇಕಾದರೆ ಗಂಟಲು ಎಷ್ಟು ಒಣಗಿರಬೇಕು! ಇದೆಲ್ಲ ಗೊತ್ತಿದ್ದೂ ನಾನು ಹೋಟೆಲಿನಲ್ಲಿ ದಿನಕ್ಕೆರಡು ಸಲ ಬಿಸಿನೀರಿನ ಸ್ನಾನ ಮಾಡಿದೆ. ದುಡ್ಡು ಕೊಟ್ಟಿದ್ದೇನಲ್ಲ ಎಂಬ ಧೈರ್ಯ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಶನಿವಾರ ಬಂತೆಂದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ದಾರಿಯಲ್ಲಿ ಕಾರುಗಳ ಸಾಲು. ರಸ್ತೆ ಬದಿಯ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನು ಕಂಡು, 'ಇವರಿಗೆ ಇದು ಯಾರದೋ ಊರು ಎಂಬ ಪರಿವೆಯೇ ಇಲ್ಲ' ಎಂದು ವರ್ಷಗಳಿಂದ ಬೈಯುತ್ತ ಬಂದವನು ನಾನು. ಶಿಮ್ಲಾದಲ್ಲಿ ಮೂರು ದಿನ ನಾನು 'ಇವರು' ಆಗಿದ್ದೆ.

ನಾವು ಬಂದ ಮೂರೇ ತಿಂಗಳಿಗೆ, ಆಗಸ್ಟ್ 14ರಂದು, ಸಮ್ಮರ್ ಹಿಲ್‌ನಲ್ಲಿ ಬೆಟ್ಟ ಕುಸಿದು ಶಿವ ದೇವಾಲಯವೊಂದು ಕೊಚ್ಚಿಹೋಯಿತು. ಇಪ್ಪತ್ತು ಜನ ಸತ್ತರು. ನಾವು ಕೂತು ಹೋದ ರೈಲಿನ ಹಳಿ ಗಾಳಿಯಲ್ಲಿ ನೇತಾಡುವ ಚಿತ್ರವನ್ನು ಮಗಳಿಗೆ ತೋರಿಸಲು ಮನಸ್ಸು ಬರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸಂಜೌಲಿಯ ಮಸೀದಿಯ ವಿವಾದದಿಂದ ಆ ಊರು ಉದ್ವಿಗ್ನಗೊಂಡಾಗ ಚಾಚಾ ನೆನಪಾದರು. ವಿಚಾರಿಸೋಣವೆಂದರೆ ಹೆಸರು ಗೊತ್ತಿಲ್ಲ. ಮೂರು ದಿನದಲ್ಲಿ ಜಾಖೂ ಬೆಟ್ಟದ ಮಂಗಗಳದ್ದೇ ನಲವತ್ತು ಫೋಟೋ ತೆಗೆದಿದ್ದ ನಾನು ಆ ಹಿರಿಯರ ಹೆಸರು ಕೇಳಿರಲಿಲ್ಲ. ಊರಿನವರ ಹಾಗೆ ನನಗೂ ಅವರು ಒಬ್ಬ ಖಾನ್ ಅಷ್ಟೇ.

ಹೊರಡುವ ದಿನದ ಸಂಗತಿಯೊಂದನ್ನು ಹೇಳಬೇಕು. ಇಷ್ಟೆಲ್ಲ ಯೋಚಿಸಿದ್ದ ನಾನು, ಈ ಸಲ ನಮ್ಮ ಹೊರೆ ನಾವೇ ಹೊರೋಣ ಎಂದು ನಿರ್ಧರಿಸಿದೆ. ಹೆಂಡತಿ, 'ಬೇಡ ರೀ, ಯಾರಿಗಾದರೂ ನಾಲ್ಕು ಕಾಸಾಗುತ್ತದೆ' ಎಂದಳು. ಕೇಳಲಿಲ್ಲ. ಇಳಿಜಾರಿನಲ್ಲಿ ಪೆಟ್ಟಿಗೆಗಳನ್ನು ಎಳೆದುಕೊಂಡು ಬರುವಾಗ ಅದೇ ಮೋಟುಗೋಡೆಯ ಬಳಿ ಚಾಚಾ ಕೂತಿದ್ದರು, ಪಕ್ಕದಲ್ಲಿ ಸುತ್ತಿಟ್ಟ ಹಗ್ಗ. ನಮ್ಮನ್ನು ಕಂಡು ಎದ್ದು ನಿಂತರು. ನಾನು ಸಲಾಂ ಹೇಳಿದೆ. ಉತ್ತರ ಕೊಟ್ಟರು. ಆದರೆ ಅವರು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಕೈಯಲ್ಲಿದ್ದ ಪೆಟ್ಟಿಗೆಯನ್ನು. ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಕೂತುಕೊಂಡರು.